ನೇರ ಹೊಲಿದವಳ ಅಕ್ಕ

ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ, ನೆಲಮಾಳಿಗೆಯಲ್ಲಿ ಆಗಲೇ ಕೆಲಸ ಶುರುವಾಗಿದೆ. ಉದ್ದನೆಯ ಮೇಜಿನ ಮೇಲೆ ಹೆಂಗಸರ ಕೈಚೀಲಗಳ ರಾಶಿ. ಪತ್ರಿಕೆಗೆ ಬರೆಯಲೆಂದು ಬಂದ ನನ್ನ ತಲೆ ಹಸಿ ಅಂಟಿನ ವಾಸನೆಗೆ ಐದೇ ನಿಮಿಷದಲ್ಲಿ ಗಿರ್ರೆನ್ನುತ್ತದೆ. ಮೇಜಿನ ಹಿಂದೆ ನಿಂತಿರುವ ಹೆಂಗಸು ಒಂದು ಚೀಲ ಎತ್ತಿಕೊಂಡು, ಜಿಪ್ ಎರಡು ಬಾರಿ ಎಳೆದು, ಬಕಲಿನ ಅಕ್ಷರಗಳನ್ನು ತಡವಿ, ಹಿಡಿಕೆಯ ಬುಡದ ಹೊಲಿಗೆಯ ಮೇಲೆ ಹೆಬ್ಬೆರಳ ಉಗುರು ಓಡಿಸುತ್ತಾರೆ. ಸರಿಯಿದ್ದರೆ ಚೀಲ ಬಲಕ್ಕೆ. ಇಲ್ಲದಿದ್ದರೆ ಅದರ ಹೊಟ್ಟೆಗೆ ಬ್ಲೇಡು ಹಾಕಿ ಎಡಕ್ಕೆ ಎಸೆಯುತ್ತಾರೆ. ಇಲ್ಲಿ ಎಲ್ಲರೂ ಅವರನ್ನು ಉಗುರಕ್ಕ ಎನ್ನುತ್ತಾರೆ.

ದೊಡ್ಡ ಕಂಪನಿಯ ದುಬಾರಿ ಚೀಲಗಳ ನಕಲು ತಯಾರಾಗುವ ಜಾಗ ಇದು. ನಕಲಿಗೂ ಗುಣಮಟ್ಟ ನೋಡುತ್ತಾರೆಯೇ ಎಂದು ನಾನು ಪೆದ್ದುಪೆದ್ದಾಗಿ ಕೇಳುತ್ತೇನೆ. ಉಗುರಕ್ಕ ನನ್ನ ಹೆಗಲ ಚೀಲವನ್ನು ಎಳೆದುಕೊಂಡು ತಡವುತ್ತಾರೆ. ನಾನದನ್ನು ಅಸಲಿಯೆಂದೇ ನಂಬಿ ಕೊಂಡಿದ್ದೆ.

"ಇದು ನಮ್ಮ ಮಾಲಲ್ಲ ಬಿಡಿ. ನಾನಾಗಿದ್ರೆ ಪಾಸ್ ಮಾಡ್ತಿರ್ಲಿಲ್ಲ," ಎನ್ನುತ್ತಾರೆ.

ಅಂಗಡಿಗಳು ಬಾಗಿಲು ತೆರೆಯುವ ಹೊತ್ತಿಗೆ ಮುನ್ನೂರು ಚೀಲ ನೋಡಿ ಮುಗಿಸಬೇಕು, ಒಂದಕ್ಕೆ ಅರ್ಧ ನಿಮಿಷ. ಹನ್ನೊಂದು ವರ್ಷದಿಂದ ಇದೇ ಕೆಲಸ. ಬೆರಳ ತುದಿಯ ಚರ್ಮ ಅಂಟಿಗೆ ಸುಲಿದು ಹೋಗಿದೆ.

ಮಾಲೀಕರ ಬಳಿ ಮಾದರಿಗೆಂದು ಒಂದು ಅಸಲಿ ಚೀಲವಿದೆ. ಅದರ ಹಿಡಿಕೆಯ ಬುಡದಲ್ಲಿ ಕೊನೆಯ ಹೊಲಿಗೆ ಚೂರು ಸೊಟ್ಟ. ಅದು ಕೈಹೊಲಿಗೆಯ ಗುರುತು. ತಿಳಿದವರು ಕೊಳ್ಳುವಾಗ ಮೊದಲು ಹುಡುಕುವುದು ಅದನ್ನೇ. ಹಾಗಾಗಿ ಇಲ್ಲಿನ ಪ್ರತಿ ಚೀಲದಲ್ಲೂ ಆ ಒಂದು ಹೊಲಿಗೆ ಅಷ್ಟೇ ಸೊಟ್ಟಗಿರಬೇಕು. ನೇರವಿದ್ದರೆ ಚೀಲ ಹೋಯಿತು.

ಗಂಡ ತೀರಿಕೊಂಡ ಮೇಲೆ ಮಗಳನ್ನು ಕಟ್ಟಿಕೊಂಡು ಬಂದ ತಂಗಿಯನ್ನು ಹಿಡಿಕೆ ಹೊಲಿಯುವ ಕೆಲಸಕ್ಕೆ ಸೇರಿಸಿದ್ದು ಉಗುರಕ್ಕನೇ. ಚಿಕ್ಕಂದಿನಲ್ಲೇ ತಾಯಿಯನ್ನು ಕಳೆದುಕೊಂಡ ಆ ತಂಗಿಗೆ ಸೂಜಿ ಹಿಡಿಯಲು ಕಲಿಸಿದ್ದೂ ಅವರೇ. ಸೊಟ್ಟ ಹೋದರೆ ತಲೆಗೊಂದು ಮೊಟಕಿ, ಬಿಚ್ಚಿಸಿ, ಮತ್ತೆ ಹಾಕಿಸುತ್ತಿದ್ದರಂತೆ. ಆ ತಂಗಿ ಎರಡು ತಿಂಗಳು ಹಲ್ಲು ಕಚ್ಚಿಕೊಂಡು ಸೊಟ್ಟಗೆ ಹೊಲಿದಳು. ಆಮೇಲೊಂದು ದಿನ ಜ್ವರದಲ್ಲೇ ಕೆಲಸಕ್ಕೆ ಕೂತಳು. ಮೈಮೇಲೆ ಎಚ್ಚರವಿರಲಿಲ್ಲ, ಕೈ ತನ್ನ ಹಳೆಯ ದಾರಿ ಹಿಡಿಯಿತು. ಅರವತ್ತೆರಡು ಚೀಲಗಳ ಕೊನೆಯ ಹೊಲಿಗೆ ನೆಟ್ಟಗೆ ಬಂತು.

"ಮೊದಲನೇದು ಮುಟ್ಟಿದ ಕೂಡ್ಲೇ ಯಾರ ಕೈ ಅಂತ ಗೊತ್ತಾಯ್ತು. ಅವಳು ಎದುರಿಗೇ ನಿಂತಿದ್ಲು. ಅರವತ್ತೆರಡಕ್ಕೂ ಬ್ಲೇಡ್ ಹಾಕ್ದೆ," ಎನ್ನುತ್ತಾರೆ ಉಗುರಕ್ಕ.

ಕಣ್ಣು ಮುಚ್ಚಿಕೊಂಡು ಬಲಕ್ಕೆ ತಳ್ಳಬಹುದಿತ್ತಲ್ಲ ಎನ್ನುತ್ತೇನೆ. ಆ ರಾಶಿಯಿಂದ ಮಾಲೀಕರು ದಿನವೂ ನಾಲ್ಕಾರು ಚೀಲ ಎತ್ತಿ ನೋಡುತ್ತಾರಂತೆ. ಸಿಕ್ಕಿಬಿದ್ದಿದ್ದರೆ ಇಬ್ಬರೂ ಬೀದಿಪಾಲು. ಈಗ ತಂಗಿಯೊಬ್ಬಳ ಕೆಲಸ ಮಾತ್ರ ಹೋಯಿತು. ನನಗೆ ಆ ಮಾಲೀಕರ ಮೇಲೆ ಮೈಯೆಲ್ಲ ಉರಿಯುತ್ತದೆ, ಉಗುರಕ್ಕನಿಗೆ ಅದೂ ಇಲ್ಲ.

ಕೆಲಸ ಮುಗಿಸಿದ ಅವರೊಂದಿಗೆ ಮನೆಗೆ ಹೋಗುತ್ತೇನೆ. ಮನೆಯೆಂದರೆ ಒಂದೇ ಕೋಣೆ, ಅದರಲ್ಲಿ ಮೂವರು. ಅಕ್ಕತಂಗಿಯರ ನಡುವೆ ಮಾತು ನಿಂತು ಹತ್ತೊಂಬತ್ತು ದಿನವಾಗಿದೆ. ಒಂದು ಮಾರು ದೂರದಲ್ಲಿ ಗೋಡೆ ನೋಡುತ್ತ ಕೂತ ತಂಗಿ ಮಗಳ ಕಿವಿಯಲ್ಲಿ ಏನೋ ಪಿಸುಗುಡುತ್ತಾಳೆ. "ದೊಡ್ಡಮ್ಮ, ಸೋಪು ಎಲ್ಲಿದೆ ಅಂತ ಅಮ್ಮ ಕೇಳ್ತಿದಾಳೆ," ಎಂದು ಆ ಮಗು ವರದಿ ಒಪ್ಪಿಸುತ್ತದೆ. ನಗು ಬರುತ್ತದೆ, ಆದರೆ ಆ ಕೋಣೆಯಲ್ಲಿ ನಗಲಾಗುವುದಿಲ್ಲ. ಬಾಗಿಲ ಪಕ್ಕದಲ್ಲಿ ತಂಗಿಯ ಬಟ್ಟೆಗಂಟು ಸಿದ್ಧವಾಗಿದೆ. ಭಾನುವಾರ ಹೊರಡುತ್ತಾಳಂತೆ. ಎಲ್ಲಿಗೆ ಎಂಬುದು ಮಗುವಿಗೂ ತಿಳಿಯದು.

ನನ್ನನ್ನು ಬೀದಿಯ ತಿರುವಿನವರೆಗೆ ಬಿಡಲು ಉಗುರಕ್ಕ ಜೊತೆಗೆ ಬರುತ್ತಾರೆ. ಏನಾದರೂ ಆಸೆ ಇದೆಯೇ ಎಂದು ಕೇಳುತ್ತೇನೆ, ನಮ್ಮ ವೃತ್ತಿಯವರ ಹಾಳು ಚಾಳಿ. 

"ಹೋಗೋಕೆ ಮುಂಚೆ ಅವಳು ನನ್ನ ಬಾಯಿತುಂಬ ಬೈದಾದ್ರೂ ಹೋಗ್ಲಿ," ಎನ್ನುತ್ತಾರೆ. ಆಮೇಲೆ, ನನಗಲ್ಲ ಎಂಬಂತೆ ದನಿ ತಗ್ಗಿಸುತ್ತಾರೆ. "ಇಷ್ಟು ವರ್ಷದಲ್ಲಿ ಅಷ್ಟು ಚಂದದ ಹೊಲಿಗೆ ನನ್ನ ಕೈಗೆ ಬಂದಿರ್ಲಿಲ್ಲ. ಅದನ್ನ ಅವಳಿಗೆ ಯಾವ ಬಾಯಲ್ಲಿ ಹೇಳ್ಲಿ?"