ಅವ್ವನ ಬಸ್ ಪಾಸು

ತೊಂಬತ್ತರ ದಶಕದಲ್ಲಿ ಅವ್ವನಿಗೆ ಸವದತ್ತಿಯ ಹೊಲಿಗೆ ತರಬೇತಿ ಕೇಂದ್ರದಲ್ಲಿ ಕಲಿಸುವ ಕೆಲಸ ಸಿಕ್ಕಿತು. ನಮ್ಮ ಮನೆ ಮುನವಳ್ಳಿಯಲ್ಲಿ. ರಾಮದುರ್ಗದಿಂದ ಮದುವೆಯಾಗಿ ಬಂದ ಮೇಲೆ ಅವಳು ಒಬ್ಬಳೇ ಬಸ್ಸು ಹತ್ತಿರಲೇ ಇಲ್ಲ. ದಿನಾ ಹೋಗಿಬರಲು ತಿಂಗಳ ಪಾಸು ಮಾಡಿಸಬೇಕಾಯಿತು. ಅದಕ್ಕೊಂದು ಫೋಟೊ ಬೇಕಿತ್ತು.

ಅಪ್ಪ ಅವ್ವನನ್ನೂ ನನ್ನನ್ನೂ ಸ್ಟುಡಿಯೊಗೆ ಕರೆದುಕೊಂಡು ಹೋದ. "ಅಕ್ಕಾರ, ಸೆರಗು ಸ್ವಲ್ಪ ಹಿಂದ ಸರಸ್ರಿ, ಮಾರಿ ಕಾಣವಲ್ದು" ಎಂದ ಫೋಟೊದವನು. ಅವ್ವ ಅಪ್ಪನ ಕಡೆ ನೋಡಿದಳು. ಅಪ್ಪ ಗೋಡೆಯ ಮೇಲಿನ ಕ್ಯಾಲೆಂಡರಿನಲ್ಲಿ ಏನನ್ನೋ ಹುಡುಕತೊಡಗಿದ. ಅವ್ವ ತಾನೇ ಸೆರಗು ಸರಿಸಿ ನೆಟ್ಟಗೆ ಕುಳಿತಳು. ಮನೆಯಲ್ಲಿದ್ದ ಮದುವೆಯ ಫೋಟೊದಲ್ಲಿ ಅವಳ ಮುಖ ಅರ್ಧ ಮಾತ್ರ ಕಾಣುತ್ತಿತ್ತು. ಇದರಲ್ಲಿ ಪೂರ್ತಿ ಕಂಡಿತು.

ಪಾಸನ್ನು ಪ್ಲಾಸ್ಟಿಕ್ ಕವರಿಗೆ ಹಾಕಿ, ಪರ್ಸಿನಲ್ಲಿ ಕುಂಕುಮದ ಡಬ್ಬಿಯ ಪಕ್ಕ ಇಡುತ್ತಿದ್ದಳು. ಕೆಲವೇ ದಿನಗಳಲ್ಲಿ ಕಂಡಕ್ಟರ್ ಅವಳ ಗುರುತು ಹಿಡಿದು ಪಾಸು ಕೇಳುವುದನ್ನೇ ಬಿಟ್ಟ. ಅವ್ವನಿಗೆ ಅದು ಸರಿಬರಲಿಲ್ಲ. "ನೋಡ್ರಿ, ಪಾಸ ತಗಸೀನಿ" ಎಂದು ಅವನ ಮುಂದೆ ಹಿಡಿಯುತ್ತಿದ್ದಳು. ಈಗ ಶಹರದ ಬಸ್ಸುಗಳಲ್ಲಿ ಮೊದಲೇ ದುಡ್ಡು ತುಂಬಿಸಿದ ಕಾರ್ಡನ್ನು ಯಂತ್ರದ ಹತ್ತಿರ ಹಿಡಿದರೆ ಸಾಕು, ಯಾರೂ ಮುಖ ನೋಡುವುದಿಲ್ಲ. ಅವ್ವನಿಗಾದರೆ ಯಾರಾದರೂ ನೋಡಬೇಕಿತ್ತು.

ಆ ವರ್ಷ ದಸರೆಗೆ ಕೇಂದ್ರಕ್ಕೂ ರಜೆ, ನನ್ನ ಶಾಲೆಗೂ ರಜೆ. ಅಪ್ಪ ಹೊಲಕ್ಕೆ ಹೋಗಿದ್ದ. ಅವ್ವ ಇದ್ದಕ್ಕಿದ್ದಂತೆ ರೊಟ್ಟಿ, ಶೇಂಗಾ ಚಟ್ನಿ ಕಟ್ಟತೊಡಗಿದಳು.

"ಎಲ್ಲಿಗೆ ಬೇ?"

"ಪಾಸಿನ ದಿನಾ ಇನ್ನೂ ಉಳದಾವ. ಸುಮ್ನ ಯಾಕ ಹಾಳ ಮಾಡೂದು? ನಡಿ."

ಬಸ್ಸಿನಲ್ಲಿ ಅದೇ ಕಂಡಕ್ಟರ್ ಇದ್ದ. "ಇವತ್ತ ರಜಾ ಅಲ್ರೀ ಅಕ್ಕಾರ?"

"ಕೆಲಸಕ್ಕ ರಜಾ ರೀ. ಪಾಸಿಗೆಲ್ಲೈತಿ ರಜಾ?"

ಅವನು ಜೋರಾಗಿ ನಕ್ಕು ನನಗೊಂದು ಅರ್ಧ ಟಿಕೀಟು ಹರಿದುಕೊಟ್ಟ. ಅವ್ವ ಸವದತ್ತಿಯವರೆಗೆ ಹೋಗಲಿಲ್ಲ. ದಾರಿಯಲ್ಲಿ ನವಿಲುತೀರ್ಥದ ಆಣೆಕಟ್ಟಿಗೆ ತಿರುಗುವ ಕ್ರಾಸಿನಲ್ಲಿ ಇಳಿದಳು. ದಿನಾ ಕಿಟಕಿಯಿಂದ ಆ ದಾರಿಯನ್ನಷ್ಟೇ ನೋಡುತ್ತಿದ್ದಳಂತೆ.

ಆಣೆಕಟ್ಟಿನ ಹತ್ತಿರ ಮಲಪ್ರಭೆಯ ನೀರು ದೂರದ ಗುಡ್ಡಗಳವರೆಗೆ ಹರಡಿತ್ತು. ಅವ್ವ ನೀರಿನ ಅಂಚಿನವರೆಗೆ ನಡೆದುಹೋಗಿ ನಿಂತಳು. ಆಮೇಲೆ, "ಇಷ್ಟ ಹತ್ತರ ಇತ್ತು ನೋಡು" ಎಂದಷ್ಟೇ ಅಂದಳು. ಒಂದು ಮರದ ನೆರಳಲ್ಲಿ ಬುತ್ತಿ ಬಿಚ್ಚಿದೆವು. ಸೆರಗು ತಲೆಯಿಂದ ಜಾರಿ ಹೆಗಲಿಗೆ ಬಿದ್ದಿತ್ತು. ಅವಳು ಮತ್ತೆ ಹೊದ್ದುಕೊಳ್ಳಲಿಲ್ಲ.

ವಾಪಸ್ ಬರುವಷ್ಟರಲ್ಲಿ ಅಪ್ಪ ಕಟ್ಟೆಯ ಮೇಲೆ ಕುಳಿತಿದ್ದ. ನಾನು ಅವ್ವನ ಹಿಂದೆ ಸರಿದೆ.

"ಎಲ್ಲಿಗೆ ಹೋಗಿದ್ದಿ?"

"ನೀರ ನೋಡಾಕ ಹೋಗಿದ್ದೆ ರೀ, ನವಿಲುತೀರ್ಥಕ್ಕ."

ಅಪ್ಪ ಅವಳ ಮುಖವನ್ನೇ ನೋಡಿದ. ಬಿಸಿಲಿಗೆ ಅದು ಕೆಂಪಾಗಿತ್ತು. ಆಮೇಲೆ ಕೇಳಿದ: "ಎಷ್ಟೈತಿ ನೀರು?"

"ಕಣ್ಣ ಹಾಯೂಮಟ ಐತಿ."

"ಮೊದಲ ಹೇಳಿದ್ರ ನಾನೂ ಬರತಿದ್ನಲ್ಲ."

"ಬರ್ರಿ ಮುಂದಿನ ಸಲ" ಎಂದು ಅವ್ವ ಚಪ್ಪಲಿ ಬಿಟ್ಟು ಒಳಗೆ ನಡೆದಳು. "ನಿಮಗ ಟಿಕೀಟ ತಗಸಬೇಕಾಗತೈತಿ ಮತ್ತ."

ಅಪ್ಪ ನಗುತ್ತಾ ಅವಳ ಹಿಂದೆಯೇ ಎದ್ದು ಒಳಗೆ ಹೋದ.