ವೆರ್ನಾ ಅವರ ಕ್ವಿಲ್ಟಿನ ನೀಲಿ ಮೂಲೆ

ಕನಸುಗಳ ಬಗ್ಗೆ ಮಾತಾಡುವವರನ್ನು ಕಂಡರೆ ನನಗೆ ಮೊದಲಿನಿಂದಲೂ ಅಸಹನೆ. ಗದಗಿನಲ್ಲಿ ನಮ್ಮ ಸೋದರತ್ತೆಯೊಬ್ಬರು ಬೆಳಗಿನ ಚಹಾದ ಜೊತೆಗೆ ಮನೆಯವರ ಕನಸುಗಳಿಗೆಲ್ಲ ಅರ್ಥ ಹೇಳುತ್ತಿದ್ದರು. ಹಾವು ಕಂಡರೆ ಹೀಗೆ, ಹಲ್ಲು ಬಿದ್ದರೆ ಹಾಗೆ. ನಾನು ಲೋಟ ಹಿಡಿದು ಹಿತ್ತಲಿಗೆ ಹೋಗಿಬಿಡುತ್ತಿದ್ದೆ. ಈಗ ಬದಲಾಗಿದ್ದೇನೆ ಎಂದೇನೂ ಹೇಳಲಾರೆ. ಆದರೂ ಅಬುಧಾಬಿಯ ನಮ್ಮ ಫ್ಲ್ಯಾಟಿನಲ್ಲಿ ಒಂದು ಶನಿವಾರ ಮಧ್ಯಾಹ್ನ ನಡೆದದ್ದನ್ನು ಇದ್ದಂತೆ ಬರೆಯುತ್ತೇನೆ. ನಂಬುವುದು ಬಿಡುವುದು ನಿಮಗೆ ಸೇರಿದ್ದು.

ನಮ್ಮ ಎದುರು ಬಾಗಿಲಲ್ಲಿ ವೆರ್ನಾ ಎಂಬ ಅಮೆರಿಕದ ಹೆಂಗಸು ಒಬ್ಬರೇ ಇದ್ದರು. ಶಾಲೆಯಲ್ಲಿ ಟೀಚರು, ವಯಸ್ಸು ಅರವತ್ತು ದಾಟಿತ್ತು. ಊರು ಕೆಂಟಕಿ ರಾಜ್ಯದ ಪೂರ್ವದ ಗುಡ್ಡಗಾಡು. ಅಮೆರಿಕ ಎಂದರೆ ಗಾಜಿನ ಕಟ್ಟಡಗಳು ಎಂದುಕೊಂಡಿದ್ದ ನನಗೆ ಅವರು ಹೇಳುತ್ತಿದ್ದ ಊರು ಬೇರೆಯೇ ಆಗಿತ್ತು. ಅಲ್ಲಿ ಮೆಕ್ಕೆಜೋಳದ ಹಿಟ್ಟಿನ ರೊಟ್ಟಿಯಂಥದ್ದನ್ನು ಬೇಯಿಸಿದ ಕಾಳಿನ ಜೊತೆ ತಿನ್ನುತ್ತಾರಂತೆ. ಬೇಸಿಗೆ ಹತ್ತಿರವಾದಾಗ ಬಂಧುಗಳೆಲ್ಲ ಸೇರಿ ಹಿರಿಯರ ಸಮಾಧಿಗಳನ್ನು ಶುಚಿ ಮಾಡಿ, ಅಲ್ಲೇ ಹುಲ್ಲಿನ ಮೇಲೆ ಬಟ್ಟೆ ಹಾಸಿ ಊಟ ಮಾಡುತ್ತಾರಂತೆ. "ಸತ್ತವರಿಗೂ ಬೇಜಾರಾಗಬಾರದಲ್ಲ, ಹನಿ" ಎನ್ನುತ್ತಿದ್ದರು. ಅವರು ನನ್ನನ್ನು ಕರೆಯುತ್ತಿದ್ದದ್ದೇ ಹನಿ ಎಂದು, ಇಂಗ್ಲಿಷಿನಲ್ಲಿ ಜೇನು ಎನ್ನುವ ಪ್ರೀತಿಯ ಮಾತು.

ಅವರ ನೌಕರಿ ಮುಗಿಯುತ್ತ ಬಂದಿತ್ತು. ವೀಸಾ ರದ್ದಾಗುವುದಕ್ಕೆ ತಿಂಗಳಷ್ಟೇ ಉಳಿದಿದ್ದಾಗ ಒಂದು ದಿನ ಕರೆದು, ಸೋಫಾದ ಮೇಲೆ ದೊಡ್ಡ ಹೊದಿಕೆಯೊಂದನ್ನು ಹರಡಿದರು. ಕೋಳಿ ಮೇವಿನ ಚೀಲಗಳ ಹೂವಿನ ಬಟ್ಟೆಯನ್ನು ಚೌಕ ಚೌಕ ಕತ್ತರಿಸಿ ಜೋಡಿಸಿದ ಕ್ವಿಲ್ಟ್. ಅವರ ತಾಯಿ ಅದರ ಒಂದು ನೀಲಿ ಮೂಲೆಗೆ ಮಾತ್ರ ಹತ್ತಿ ತುಂಬಿ ಹೊಲಿದು ಮುಗಿಸಿ ತೀರಿಕೊಂಡಿದ್ದರು. ಉಳಿದದ್ದು ಎಂಟು ವರ್ಷದಿಂದ ಹಾಗೇ ಇತ್ತು. ವೆರ್ನಾರ ಕೈ ನಡುಗುತ್ತಿತ್ತು. ಸೂಜಿಗೆ ದಾರ ಪೋಣಿಸಲೂ ಆಗುತ್ತಿರಲಿಲ್ಲ.

"ಇದು ನಮ್ಮ ಕೌದಿ!" ಎಂದೆ ನಾನು.

ನಮ್ಮ ಅಜ್ಜಿ ಹಳೆಯ ಸೀರೆಗಳಿಂದ ಕೌದಿ ಹೊಲಿಯುತ್ತಿದ್ದಳು. ಕೊನೆಯ ಹೊಲಿಗೆಗೆ ಮುಂಚೆ ನಾಲ್ಕು ಜೋಳದ ಕಾಳು ಒಳಗಿಟ್ಟು, "ಕೌದಿ ಹೊಟ್ಟಿ ಖಾಲಿ ಇರಬಾರದವಾ" ಎನ್ನುತ್ತಿದ್ದಳು. ನನ್ನ ಮದುವೆಗೆಂದೇ ಹೊಲಿದ ಒಂದು ಕೌದಿಯನ್ನು, ಲಗೇಜು ಹೆಚ್ಚಾಯಿತೆಂದು ಊರಲ್ಲೇ ಬಿಟ್ಟು ಕುಕ್ಕರ್ ತಂದವಳು ನಾನು. ಅಜ್ಜಿ ಹೋದಾಗ ನನ್ನ ಪಾಸ್‌ಪೋರ್ಟ್ ವೀಸಾ ನವೀಕರಣಕ್ಕೆ ಹೋಗಿತ್ತು. ಮುಖ ನೋಡಲೂ ಆಗಲಿಲ್ಲ. ಆ ಕೌದಿ ಯಾರ ಪಾಲಾಯಿತೋ ತಿಳಿಯದು. ಇದನ್ನೆಲ್ಲ ವೆರ್ನಾಗೆ ಹೇಳಲಿಲ್ಲ. ಹೊಲಿದು ಕೊಡುತ್ತೇನೆ ಎಂದಷ್ಟೇ ಹೇಳಿದೆ.

ಅವತ್ತು ಶುಕ್ರವಾರ. ಶುಕ್ರವಾರ ಶುರು ಮಾಡಿದ ಕ್ವಿಲ್ಟ್ ಮುಗಿಯುವುದಿಲ್ಲ ಎಂದು ಅವರು ಮರುದಿನವೇ ಸೂಜಿ ಹಿಡಿಸಿದರು. ಹತ್ತಿ, ಅಸ್ತರಿನ ಬಟ್ಟೆಗಾಗಿ ಇಬ್ಬರೂ ಬಸ್ ಹತ್ತಿ ದುಬೈಯ ಸತ್ವಾದ ಬಟ್ಟೆ ಅಂಗಡಿಗಳಿಗೆ ಹೋಗಿಬಂದೆವು. ಪ್ರತಿ ಮಧ್ಯಾಹ್ನ ನಾನು ಹೊಲಿಯುತ್ತಿದ್ದೆ, ಅವರು ಮಾತಾಡುತ್ತಿದ್ದರು. ಅವರ ಊರಲ್ಲಿ ಕ್ವಿಲ್ಟಿನ ಚೌಕಟ್ಟನ್ನು ಸೂರಿನಿಂದ ಹಗ್ಗದಲ್ಲಿ ಇಳಿಬಿಟ್ಟು ಎಂಟು ಹತ್ತು ಹೆಂಗಸರು ಸುತ್ತ ಕೂತು ಹೊಲಿಯುತ್ತಿದ್ದರಂತೆ. ತಾಯಿ ಹೋದ ಮೇಲೆ, ವೆರ್ನಾ ಕ್ವಿಲ್ಟಿನ ಸಮೇತ ಇಲ್ಲಿದ್ದಾಗಲೇ ಹೊಳೆ ಉಕ್ಕಿ ತಾಯಿಯ ಮನೆ ಕೊಚ್ಚಿಹೋಯಿತಂತೆ. ಅಷ್ಟು ಹೇಳಿ ಮಾತು ಬದಲಿಸಿದ್ದರು.

ಕೊನೆಯ ಹೊಲಿಗೆ ಮುಗಿದ ಶನಿವಾರ ಅವರು ಕ್ವಿಲ್ಟನ್ನು ನನಗೇ ಹೊದಿಸಿದರು. "ಹೊಸ ಕ್ವಿಲ್ಟಿನಲ್ಲಿ ಕಂಡ ಮೊದಲ ಕನಸು ನಿಜವಾಗುತ್ತೆ. ಹೊಲಿದವಳು ನೀನು, ನೀನೇ ಮಲಗು."

ನಗುತ್ತಲೇ ನಮ್ಮ ಮನೆಗೆ ತಂದೆ. ಊಟವಾಗಿತ್ತು, ಎ.ಸಿ. ತಣ್ಣಗಿತ್ತು, ಕಣ್ಣು ಮುಚ್ಚಿಹೋಯಿತು.

ಒಂದು ಮರದ ಮನೆಯ ಜಗಲಿ. ಗಿಡ್ಡನೆಯ, ದುಂಡು ಮುಖದ ಬಿಳಿಯ ಮುದುಕಿಯೊಬ್ಬಳು ಕೂತು ಹಸಿರು ಬೀನ್ಸನ್ನು ಸೂಜಿಯಿಂದ ದಾರಕ್ಕೆ ಪೋಣಿಸುತ್ತಿದ್ದಳು, ನಮ್ಮಲ್ಲಿ ಮಾಲೆ ಕಟ್ಟುವ ಹಾಗೆ. ಅವಳ ಬಲಗೈಯ ಹೆಬ್ಬೆರಳು ಒಳಕ್ಕೆ ಮಡಚಿಕೊಂಡಿತ್ತು. ನನ್ನನ್ನು ನೋಡಿ ಅವಳೇನೂ ಆಶ್ಚರ್ಯಪಡಲಿಲ್ಲ. ನಾನು ಹೊದ್ದಿದ್ದ ಕ್ವಿಲ್ಟಿನ ನೀಲಿ ಮೂಲೆ ಹಿಡಿದು, ಬಿಚ್ಚು ಎಂದಳು. ಯಾವ ಭಾಷೆಯಲ್ಲೋ ಗೊತ್ತಿಲ್ಲ, ಅರ್ಥ ಮಾತ್ರ ಆಯಿತು. ಎಚ್ಚರವಾದಾಗ ಆ ಮೂಲೆ ನನ್ನ ಮುಷ್ಟಿಯಲ್ಲಿತ್ತು.

ನನ್ನ ಗಂಡನಿಗೆ ಹೇಳಿದರೆ, "ಹುಚ್ಚ ಹಿಡದೈತೇನು? ನಿನ್ನ ಕನಸು ಕಟಗೊಂಡು ಅವರ ತಾಯಿ ಹಾಕಿದ ಹೊಲಿಗಿ ಬಿಚ್ಚಸ್ತಿ? ಸುಮ್ನ ಮಡಚಿ ಕೊಟ್ಟ ಬಾ" ಎಂದರು. ಅವರು ಹೇಳಿದ್ದು ಸರಿಯಾಗಿತ್ತು. ಮಡಚಿಕೊಂಡೇ ಹೋದೆ. ಆದರೆ ವೆರ್ನಾ ಬಾಗಿಲು ತೆರೆದವರೇ, "ಏನು ಕಂಡೆ?" ಎಂದು ಕೇಳಿದರು. ಸುಳ್ಳು ಹೇಳಲಾಗಲಿಲ್ಲ.

ಬೀನ್ಸಿನ ಮಾತು ಬಂದಾಗ ಅವರು ನನ್ನನ್ನು ತಡೆದರು. "ಒಣಗಿಸುವುದಕ್ಕೆ ನಾವು ಹಾಗೇ ಪೋಣಿಸುತ್ತೇವೆ. ನಿನಗೆ ಯಾವಾಗ ಹೇಳಿದೆ?"

"ನೀವು ಹೇಳಿಲ್ಲ."

"ಹೇಳಿರಬೇಕು."

ಹೇಳಿದ್ದರೇನೋ. ಎಷ್ಟು ಸಲ ನೆನಪು ಕೆದಕಿದರೂ ನನಗೆ ಸಿಕ್ಕಿಲ್ಲ.

ಮೂಲೆಯ ಮಾತು ಹೇಳಿದ ಮೇಲೆ ಅವರ ಮುಖ ಗಡುಸಾಯಿತು. "ಅದು ನನ್ನಮ್ಮ ಕೊನೆಗೆ ಹಾಕಿದ ಹೊಲಿಗೆ" ಎಂದರು. ನಾನು ಕ್ಷಮೆ ಕೇಳಿ ಎದ್ದೆ. ಬಾಗಿಲ ತನಕ ಹೋಗಿದ್ದೆ. ಹಿಂದಿನಿಂದ ಅವರು, "ಕತ್ತರಿ ಕೊಡು, ಹನಿ" ಎಂದರು. ನಾನು ಬಿಚ್ಚುತ್ತೇನೆ ಎಂದರೂ ಬಿಡಲಿಲ್ಲ. ನಡುಗುವ ಕೈಯಲ್ಲೇ ಒಂದೊಂದಾಗಿ ಹನ್ನೆರಡು ಹೊಲಿಗೆ ಕತ್ತರಿಸಿದರು. ಹತ್ತಿಯ ನಡುವೆ ಗಂಟಿನ ಹಾಗೆ ಕಂಡದ್ದು ಒಂದು ಚಿಂದಿಯ ಪೊಟ್ಟಣ. ಒಳಗೆ ಏಳು ಬೀಜ, ಕಂದು ಮೈ ಮೇಲೆ ಕಪ್ಪು ಗೆರೆ.

ವೆರ್ನಾ ಅವನ್ನು ಮೂಸಿದರು, ಕೆನ್ನೆಗೆ ಒತ್ತಿಕೊಂಡರು. ಆಮೇಲೆ ಚಿಕ್ಕ ಮಗುವಿನ ಹಾಗೆ ಬಿಕ್ಕಿಬಿಕ್ಕಿ ಅತ್ತರು. ಅದು ಅವರ ಮನೆತನದ ಬೀನ್ಸ್. ತಾಯಿಯಿಂದ ಮಗಳಿಗೆ ಬರುತ್ತಿದ್ದ ತಳಿ, ಬೇರೆಲ್ಲೂ ಇಲ್ಲದ್ದು. ಬೀಜ ತುಂಬಿದ್ದ ಭರಣಿಗಳೆಲ್ಲ ಮನೆಯ ಜೊತೆ ಹೊಳೆಗೆ ಹೋಗಿದ್ದವು. ಇಲ್ಲಿನ ಅಲ್ ಮೀನಾದ ತರಕಾರಿ ಮಾರುಕಟ್ಟೆಯಲ್ಲಿ ಅವರು ಪ್ರತಿ ಸಲ ಬೀನ್ಸಿನ ರಾಶಿಯ ಮುಂದೆ ನಿಂತು, ಒಂದನ್ನು ಮುರಿದು ನೋಡಿ ವಾಪಸಿಡುತ್ತಿದ್ದದ್ದೇಕೆ ಎಂದು ನನಗೆ ಅವತ್ತು ತಿಳಿಯಿತು.

ಈ ಕನಸಿಗೆ ಅರ್ಧ ಉತ್ತರ ನನ್ನಲ್ಲೇ ಇದೆ, ಅದನ್ನೂ ಹೇಳಿಬಿಡುತ್ತೇನೆ. ಹೊದಿಕೆಯೊಳಗೆ ಕಾಳಿಡುವುದನ್ನು ಕಂಡು ಬೆಳೆದವಳು ನಾನು. ಹೊಲಿಯುವಾಗ ಬೆರಳಿಗೆ ಆ ಗಂಟು ತಾಕಿರಬಹುದು, ಉಳಿದದ್ದನ್ನು ನಿದ್ದೆ ಕಟ್ಟಿಕೊಟ್ಟಿರಬಹುದು. ಆದರೆ ಆ ಮುದುಕಿ?

ವೆರ್ನಾ ಊರಿಗೆ ಹೋದ ಮೇಲೆ ಏಳರಲ್ಲಿ ಎರಡು ಮೊಳೆತವು ಎಂದು ತಿಳಿಸಿದರು. ಬಳ್ಳಿಯ ಫೋಟೋದ ಜೊತೆ ತಾಯಿಯ ಫೋಟೋ ಕೂಡ ಬಂತು. "ಇವರೇ ಅಲ್ಲವೇ?" ಎಂದು ಬರೆದಿದ್ದರು.

ಕನ್ನಡಕ ಹಾಕಿದ, ಎತ್ತರದ, ಸಪೂರ ಹೆಂಗಸು. ಎರಡೂ ಹೆಬ್ಬೆರಳು ನೆಟ್ಟಗಿದ್ದವು. ಹೌದು ಎಂದು ಬರೆದು, ಅಳಿಸಿ, ಅಲ್ಲ, ಆ ಮುದುಕಿಯ ಬಲ ಹೆಬ್ಬೆರಳು ಒಳಕ್ಕೆ ಮಡಚಿತ್ತು ಎಂದು ಕಳಿಸಿದೆ.

ವಾರವಾದ ಮೇಲೆ ಫೋನ್ ಬಂತು. ಊರಿನ ಹಿರಿಯರನ್ನೆಲ್ಲ ಕೇಳಿದ್ದರಂತೆ. "ಅಂಥ ಬೆರಳಿನವರು ನಮ್ಮ ಕಡೆ ಯಾರೂ ಇರಲಿಲ್ಲ, ಹನಿ. ನಿಮ್ಮ ಕಡೆ?"

"ನಮ್ಮ ಕಡೆಯೂ ಇಲ್ಲ" ಎಂದೆ.

ಆಮೇಲೆ ಬಳ್ಳಿ ಎಷ್ಟು ಎತ್ತರ ಬಂತು ಎಂದು ಕೇಳಿದೆ. ಅವರು ಫೋನ್ ಹಿಡಿದೇ ಅಳೆಯಲು ಹೊರಗೆ ಹೋದರು.