ಹೆಚ್ಚಿದ ಎಣ್ಣೆ

ಕಡೂರಿನ ನಮ್ಮ ಮನೆಯಲ್ಲಿ ಅಕ್ಕಿ, ಉಪ್ಪು, ಎಣ್ಣೆ ಯಾವತ್ತೂ ಮುಗಿಯುವುದಿಲ್ಲ. ಡಬ್ಬ ಬರಿದಾದರೆ ‘ಹೆಚ್ಚಿದೆ’ ಎನ್ನಬೇಕು. ಇಲ್ಲ ಎಂದರೆ ಇಲ್ಲವೇ ಆಗಿಬಿಡುತ್ತದೆಂದು ನಮ್ಮತ್ತೆ ಹೇಳಿಕೊಟ್ಟಿದ್ದು. ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡುವವಳು. ಆದರೂ ಹಾಗೆಯೇ ಅನ್ನುತ್ತೇನೆ, ಅಂದರೆ ನನಗೂ ಸಮಾಧಾನ.

ಮಂಡಿನೋವು ಶುರುವಾದ ಮೇಲೆ ನನ್ನ ಸಂಬಳದಲ್ಲೇ ಒಂದು ಟರ್ಬೊ ಪೆಟ್ರೋಲ್ ಕಾರು ಕೊಂಡೆ. ಮನೆಯಿಂದ ಸ್ಕೂಲು, ಸ್ಕೂಲಿಂದ ಮಾರ್ಕೆಟ್ಟು, ಅಷ್ಟೇ ಅದರ ಓಡಾಟ. ಇಂಜಿನ್ ಬಿಸಿಯಾಗುವಷ್ಟರಲ್ಲಿ ಊರೇ ಮುಗಿದಿರುತ್ತಿತ್ತು. ಯಾರ ಸ್ಕೂಟರಿನ ಹಿಂದೆಯೂ ಕೂರದೆ ನನ್ನ ಪಾಡಿಗೆ ನಾನು ಹೋಗುವುದೆಂದರೆ ನನಗೆ ಪ್ರಾಣ.

ಒಂದು ಬೆಳಿಗ್ಗೆ ಬಾನೆಟ್ ಎತ್ತಿ, ಆಯಿಲ್ ನೋಡುವ ಕಡ್ಡಿ ತೆಗೆದರೆ ಆಯಿಲ್ ಮೇಲಿನ ಗುರುತು ದಾಟಿ ನಿಂತಿದೆ. ಮೂಗಿಗೆ ಹಿಡಿದರೆ ಪೆಟ್ರೋಲ್ ವಾಸನೆ. ಅಜ್ಜಂಪುರದ ಅಂಗಡಿಯಲ್ಲಿದ್ದ ಯಜಮಾನರಿಗೆ ಫೋನ್ ಮಾಡಿದೆ.

“ರೀ, ಕಾರಿನ ಎಣ್ಣೆ ಹೆಚ್ಚಿದೆ.”

“ಸರಿ ಬಿಡು, ಬಂದು ನೋಡ್ತೀನಿ” ಎಂದು ಇಟ್ಟೇಬಿಟ್ಟರು.

ಸಂಜೆ ನಾನು ಒಳಗೆ ರೊಟ್ಟಿ ತಟ್ಟುತ್ತಿದ್ದಾಗ ಕೈ ಒರೆಸಿಕೊಳ್ಳುತ್ತಾ ಬಂದರು. “ಒಂದು ಡಬ್ಬ ಪೂರ್ತಿ ಹಾಕಿದೀನಿ ಕಣೇ.”

ನನಗೆ ಮೈಯೆಲ್ಲ ಉರಿದುಹೋಯಿತು. “ಹೆಚ್ಚಿದೆ ಅಂದ್ರೆ ನಿಜವಾಗ್ಲೂ ಹೆಚ್ಚಿದೆ ಅಂತ ಕಣ್ರೀ.”

“ನಮ್ಮನೇಲಿ ಯಾವತ್ತು ಆ ಅರ್ಥದಲ್ಲಿ ಅಂದಿದೀಯ?”

ಅದೂ ನಿಜವೇ.

ಮೆಕ್ಯಾನಿಕ್ ಬಂದು ಎಲ್ಲ ಆಯಿಲ್ ಇಳಿಸಿ ಹೊಸದು ತುಂಬಿದ. ತಣ್ಣಗಿನ ಇಂಜಿನ್ನಿನಲ್ಲಿ ಪೂರ್ತಿ ಉರಿಯದ ಪೆಟ್ರೋಲು ಕೆಳಗಿಳಿದು ಆಯಿಲಿಗೆ ಸೇರುತ್ತದಂತೆ. ತೆಳುವಾದ ಆಯಿಲಿನಿಂದ, ಇಂಜಿನ್ನಿಗೆ ಗಾಳಿ ತುಂಬುವ ಟರ್ಬೊ ಬೇಗ ಸವೆಯುತ್ತದೆ. ವಾರಕ್ಕೊಮ್ಮೆ ದೂರ ಓಡಿಸಿ ಬಿಸಿ ಮಾಡಿದರೆ ಪೆಟ್ರೋಲು ಆವಿಯಾಗಿ ಹೋಗುತ್ತದೆ ಎಂದ.

“ದೂರ ಹೋಗೋಕೆ ನಮಗೆ ಪುರುಸೊತ್ತೆಲ್ಲಿದೆ? ಮಾರಿಬಿಡೋಣ” ಎಂದರು ಯಜಮಾನರು. ಭಾನುವಾರವೂ ಅಂಗಡಿ ಮುಚ್ಚದ ಮನುಷ್ಯ. ಕಾರು ಕೊಳ್ಳುವವನೊಬ್ಬನನ್ನು ಚೌಳಹಿರಿಯೂರಿನಲ್ಲಿ ಹುಡುಕಿಯೂಬಿಟ್ಟರು.

ಭಾನುವಾರ ಬೆಳಿಗ್ಗೆ ಕೀ ಎತ್ತಿಕೊಂಡು, “ಕೆಮ್ಮಣ್ಣುಗುಂಡಿಗೆ ಹೋಗಿಬತ್ತೀನಿ” ಎಂದೆ. ಯಜಮಾನರು ನನ್ನ ಮುಖ ನೋಡಿದರು. ಚಪ್ಪಲಿ ಮೆಟ್ಟಿ ಬಂದು ಪಕ್ಕದ ಸೀಟಿನಲ್ಲಿ ಕೂತರು.

ತರೀಕೆರೆಯವರೆಗೂ ಮೇಲಿನ ಹಿಡಿಯನ್ನು ಬಿಡಲಿಲ್ಲ, ಬಸ್ಸಿನಲ್ಲಿ ನಿಂತವರ ಹಾಗೆ. ಘಾಟಿ ಶುರುವಾದ ಮೇಲೆ ಅದೇಕೋ ಕೈ ಬಿಟ್ಟು, ಗಾಜು ಇಳಿಸಿ, ಹೊರಗೆ ನೋಡುತ್ತಾ ಕೂತರು. ಕಾರು ಏರಿನಲ್ಲಿ ಸಲೀಸಾಗಿ ಹತ್ತುತ್ತಿತ್ತು. ಅಷ್ಟರಲ್ಲಿ ಅವರಿಗೊಂದು ಫೋನ್ ಬಂತು, ಚೌಳಹಿರಿಯೂರಿನವನದ್ದೇ. ನಾನು ರಸ್ತೆಯಿಂದ ಕಣ್ಣು ತೆಗೆಯಲಿಲ್ಲ.

“ಇಲ್ಲ ಕಣಪ್ಪಾ, ಕಾರು ಕೊಡಲ್ಲ. ನಮ್ಮನೆಯವಳು ಓಡಿಸ್ತಿದಾಳೆ, ನಾನು ಪಕ್ಕದಲ್ಲೇ ಕೂತಿದೀನಿ. ಬಲು ಚೆನ್ನಾಗಿ ಓಡಿಸ್ತಾಳೆ ಕಣಪ್ಪಾ.”

ಈ ಮಾತನ್ನು ಅವರು ಒಂದು ದಿನವೂ ನನ್ನೆದುರು ಆಡಿದ್ದಿಲ್ಲ. ಆವತ್ತೂ ಹೇಳಿದ್ದು ಚೌಳಹಿರಿಯೂರಿನವನಿಗೇ.